ಖಾನಾಪುರದಾಗ ಮಾಲ್ಗುಡಿ

ಬೆಳಗಾವಿಯಿಂದ ರೈಲಿನಾಗ ಹೊಂಟು ಖಾನಾಪುರ ಬಂತಂದ್ರ ಸಾಕು, ನಮ್ಮ ಗೆಳೆಯ ಶುರು ಮಾಡ್ತಾನ: “ನೋಡಲೇ, ಮಾಲ್ಗುಡಿ ಸ್ಟೇಷನ್!”

ಅಲ್ಲ. ‘ಮಾಲ್ಗುಡಿ ಡೇಸ್’ ಧಾರಾವಾಹಿಯ ಸ್ಟೇಷನ್ ಶಿವಮೊಗ್ಗ ಜಿಲ್ಲೆಯ ಅರಸಾಳು. ಊರು ಆಗುಂಬೆ. ಸ್ವಾಮಿಯ ಮನೆ ಅಲ್ಲಿಯ ದೊಡ್ಡಮನೆ. ಗಾಡಿಗಳ ಮಾತು ಬಂದ್ರ ನಮ್ಮ ಗ್ಯಾಂಗಿನಾಗ ಇನ್ನೂ ಜೋರು ಗದ್ದಲ. ಎತ್ತಿನಗಾಡಿ, ಸೈಕಲ್‌ಗಳ ಆ ಊರಿನಲ್ಲಿ ನಮಗೆಲ್ಲ ಮೆಚ್ಚಿನ ವಾಹನ ಒಂದೇ: ಲಾಟರಿಯಲ್ಲಿ ಗೆದ್ದವನಿಗೆ ತಲೆನೋವಾಗುವ ರೋಡ್ ಎಂಜಿನ್.

ಆದ್ರೂ ಅವನನ್ನ ತಿದ್ದಾಕ ಮನಸ್ಸಾಗೂದಿಲ್ಲ. ಅವನ ಮನಿ ಮರಾಠಿ, ನಮ್ಮನಿ ಕನ್ನಡ. ಸ್ವಾಮಿ ಎರಡೂ ಮನಿಗೆ ಹಿಂದಿಯಲ್ಲೇ ಬಂದ. ಅಂಗಡಿ ಬೋರ್ಡಿನ ಭಾಷೆಗೂ ಜಗಳಾಡುವ ಊರು ನಮ್ಮದು. ಮಾಲ್ಗುಡಿ ಯಾರದ್ದು ಅಂತ ಮಾತ್ರ ನಾವಿಬ್ಬರೂ ಒಮ್ಮೆಯೂ ಜಗಳಾಡಿಲ್ಲ.

ಅದನ್ನು ಕಟ್ಟಿದ ಶಂಕರ್ ನಾಗ್ 1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಬಳಿಯ ಆನಗೋಡಿನಲ್ಲಿ ಕಾರು ಅಪಘಾತದಲ್ಲಿ ತೀರಿಕೊಂಡರು. ವಯಸ್ಸು ಬರೀ 35. ಬೆಳಗಾವಿಯಿಂದ ಬೆಂಗಳೂರಿನ ಕೆಲಸಕ್ಕೆ ಮರಳುವ ನಮ್ಮ ರಾತ್ರಿ ಬಸ್ಸಿನದೂ ಅದೇ ಹೆದ್ದಾರಿ. ಅಲ್ಲಿ ಮಾತ್ರ ಲೊಕೇಶನ್ ಯಾವುದು, ಕಾರು ಯಾವುದು ಅಂತ ನಮ್ಮಲ್ಲಿ ಯಾರೂ ಕೇಳೂದಿಲ್ಲ.