ಆಧಾರದಲ್ಲಿ ಇಲ್ಲದ ನೀರು

ಉಪ್ಪ ತೀರಿಕೊಂಡ ಮೇಲೆ ಜಾಗ ಪಾಲು ಮಾಡಲು ನಮಗೆ ಕಷ್ಟವಾಗಲಿಲ್ಲ. ಉಮ್ಮನಿಗೆ ಎಂಟರಲ್ಲೊಂದು, ಉಳಿದದ್ದರಲ್ಲಿ ಅಣ್ಣನಿಗೂ ನನಗೂ ಎರಡೆರಡು ಪಾಲು, ತಂಗಿಗೆ ಒಂದು. ಸೆಂಟ್ಸ್ ಲೆಕ್ಕ ಸರಿಹೋಯಿತು, ಪಾಲುಪಟ್ಟಿ ರಿಜಿಸ್ಟ್ರಿ ಆಯಿತು, ವಿಲೇಜ್ ಆಫೀಸಿನಲ್ಲಿ ಪೋಕ್ಕುವರವು ಮಾಡಿಸಿ ಅವರವರ ಹೆಸರಿನಲ್ಲಿ ತೀರ್ವೆ ಕಟ್ಟಿದೆವು. ನೀರಿನ ಮಾತು ಯಾರೂ ಎತ್ತಲಿಲ್ಲ. ದಿನಾ ಬರುವ ನೀರಿನ ಬಗ್ಗೆ ಯಾರು ಮಾತಾಡುತ್ತಾರೆ?

ನಮ್ಮದು ಪೈವಳಿಕೆ ಕಡೆಯ ಗುಡ್ಡದ ಬುಡದ ಅಡಿಕೆ ತೋಟ. ನೀರು ಮೇಲಿನ ಜಾಗದ ಸುರಂಗದಿಂದ. ಉಪ್ಪ 1994ರಲ್ಲಿ ಮೇಲಿನ ಭಟ್ರ ಕೈಯಿಂದಲೇ ನಮ್ಮ ಜಾಗ ಕೊಂಡದ್ದು. "ಬ್ಯಾರಿಗಳೇ, ವಾರಕ್ಕೆ ಎರಡು ರಾತ್ರಿಯ ನೀರು ನಿಮಗೆ" ಎಂದು ಭಟ್ರು ಹೇಳಿದರು, ಉಪ್ಪ ತಲೆಯಾಡಿಸಿದರು. ಅಷ್ಟೇ ಕರಾರು. ಇಬ್ಬರೂ ಇರುವವರೆಗೆ ಅದು ಒಂದು ರಾತ್ರಿಯೂ ತಪ್ಪಲಿಲ್ಲ. ಡಿಪ್ಲೊಮಾ ಮುಗಿಸಿ ಬಂದ ವರ್ಷ ನಾನೇ ಹಳೆಯ ಮಣ್ಣಿನ ಕಣಿ ತೆಗೆದು ಪಿವಿಸಿ ಪೈಪು ಹಾಕಿ, ಗೇಟ್ ವಾಲ್ವ್ ಕೂರಿಸಿದ್ದೆ. ಅದರ ಬಗ್ಗೆ ನನಗೆ ಸ್ವಲ್ಪ ಜಂಬವೂ ಇತ್ತು.

ಭಟ್ರ ಮಕ್ಕಳು ಮೇಲಿನ ಜಾಗ ಮಾರಿದರು. ಮರುವರ್ಷ ಏಪ್ರಿಲಿನಲ್ಲಿ ಒಂದು ರಾತ್ರಿ ವಾಲ್ವ್ ತಿರುಗಿಸಿದರೆ ಗಾಳಿ ಮಾತ್ರ ಬಂತು. ಮೇಲೆ ಹೋಗಿ ನೋಡಿದರೆ ಪೈಪಿನ ಬಾಯಿಗೆ ಮುಚ್ಚಳ. ಹೊಸ ಧಣಿ ಜಗಳದ ಮನುಷ್ಯನಲ್ಲ. ಚಾ ಕೊಟ್ಟು, ತನ್ನ ಆಧಾರವನ್ನೂ ಋಣಭಾರ ಸರ್ಟಿಫಿಕೇಟನ್ನೂ ಮುಂದಿಟ್ಟು, "ನಿಮ್ಮ ನೀರು ಇದರಲ್ಲಿ ಎಲ್ಲಿದೆ, ತೋರಿಸಿ" ಎಂದರು. ಇರಲಿಲ್ಲ.

ನಾನು ಮನೆಗೆ ಓಡಿ ಉಪ್ಪನ ಆಧಾರ ತೆಗೆದೆ. "ನಿಧಿ ನಿಕ್ಷೇಪ ಜಲ ತರು ಪಾಷಾಣ ಸಹಿತ" ಎಂದು ಚಂದಕ್ಕೆ ಬರೆದಿತ್ತು. ಸಿಕ್ಕಿತು ಎಂದುಕೊಂಡೆ. ವಕೀಲರು ನಕ್ಕರು. ಆ ಜಲ ನಿಮ್ಮ ಗಡಿಯೊಳಗಿನದ್ದು. ಪಕ್ಕದವರ ಗುಡ್ಡದಿಂದ ಬರುವ ನೀರಿಗೆ ಬೇರೆ ಮಾತು ಬೇಕು, ಅವರ ಸರ್ವೆ ನಂಬರ್ ಸಹಿತ. ಪೋಕ್ಕುವರವು ಮಾಡಿಸಿದ್ದೇವಲ್ಲ ಎಂದೆ. ಅದು ತೀರ್ವೆ ಯಾರು ಕಟ್ಟಬೇಕು ಎಂಬುದಕ್ಕೆ, ನೆರೆಯವರ ನೀರು ಅದರಲ್ಲಿ ಬರುವುದಿಲ್ಲ ಎಂದರು.

ದಾರಿ ಇಲ್ಲದೆ ಇರಲಿಲ್ಲ. 1882ರ ಈಸ್‌ಮೆಂಟ್ ಕಾಯ್ದೆ, ನಾವು ಮದರಾಸಿನ ಕೆಳಗೆ ಇದ್ದಾಗಿನಿಂದ ನಮಗೆ ಇರುವಂಥದ್ದು. 20 ವರ್ಷ ಬಹಿರಂಗವಾಗಿ, ತಕರಾರಿಲ್ಲದೆ, ಹಕ್ಕಿನಿಂದ ನೀರು ಬಳಸಿದ್ದರೆ ಹಕ್ಕು ಹುಟ್ಟುತ್ತದೆ. ಜಾಗ ಕೈಬದಲಾದರೆ ಆ ಹಕ್ಕೂ ಜಾಗದ ಜೊತೆ ಹೋಗುತ್ತದೆ. ಆದರೆ ಬರೀ ದಯೆಯಿಂದ ಬಿಟ್ಟ ನೀರು ಎಂದಾದರೆ ಹಾಗಲ್ಲ. ನೀರು ತಡೆದ ಮೇಲೆ ಎರಡು ವರ್ಷ ಸುಮ್ಮನೆ ಕೂತರೂ ಕಷ್ಟ. ಸಾಬೀತು ಮಾಡುವುದು ಯಾರಿಂದ? ಭಟ್ರೂ ಇಲ್ಲ, ಉಪ್ಪನೂ ಇಲ್ಲ.

ನೆನಪು ಮಾಡಿದ್ದು ಉಮ್ಮ. "ಅಂಗಡಿಯ ಲೆಕ್ಕದ ಪುಸ್ತಕ ನೋಡು ಮೋನೇ." ಅಟ್ಟದಲ್ಲಿ ಗೆದ್ದಲು ಬಿಟ್ಟುಳಿಸಿದ ಪುಸ್ತಕಗಳು. ಸಕ್ಕರೆ, ಸೀಮೆಎಣ್ಣೆಯ ಸಾಲದ ನಡುವೆ ವರ್ಷಕ್ಕೊಮ್ಮೆ ಒಂದು ಸಾಲು: ಸುರಂಗದ ಮಣ್ಣು ತೆಗೆದ ಕೂಲಿ, ನಮ್ಮ ಪಾಲು. ಒಂದೆರಡು ಕಡೆ ಭಟ್ರ ಸಹಿ ಕೂಡ. ಓದುತ್ತಾ ನನಗೆ ಗಂಟಲು ಕಟ್ಟಿತು.

ಆ ಪುಸ್ತಕ ಕೋರ್ಟಿಗೆ ಹೋಗಲಿಲ್ಲ. ಹೊಸ ಧಣಿಗೆ ತೋರಿಸಿದೆ, ಅವರು ಕನ್ನಡ ಬಾರದಿದ್ದರೂ ಸಹಿ ನೋಡಿದರು, ಅವರ ವಕೀಲರನ್ನು ಕೇಳಿದರು. ಮೂರು ವಾರ ಎಳೆದಾಟವಾಗಿ, ಕೊನೆಗೆ ಎರಡು ರಾತ್ರಿ ಒಂದೂವರೆ ರಾತ್ರಿಗೆ ನಿಂತಿತು. ಅಣ್ಣನಿಗೆ ಅದು ಇಂದಿಗೂ ಸೋಲು. ನನಗೆ ಹಾಗನಿಸುವುದಿಲ್ಲ. ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಕರಾರು ರಿಜಿಸ್ಟ್ರಿ ಮಾಡಿಸಿದೆವು: ಎರಡೂ ಕಡೆಯ ಸರ್ವೆ ನಂಬರ್, ನೀರಿನ ವೇಳೆ, ಪೈಪಿನ ಅಳತೆ ಮತ್ತು ಹಾದಿ, ಮಣ್ಣು ತೆಗೆಯಲು ಮೇಲೆ ಹೋಗುವ ಹಕ್ಕು, ಖರ್ಚಿನ ಪಾಲು. ಇನ್ನು ಯಾರು ಋಣಭಾರ ಸರ್ಟಿಫಿಕೇಟ್ ತೆಗೆದರೂ ಅದು ಕಾಣುತ್ತದೆ.

ಬರೆಯುವಾಗಲೇ ಇನ್ನೊಂದು ಹೊಳೆದದ್ದು. ಪೈಪು ಬಂದು ಸೇರುವ ಟಾಂಕಿ ಇರುವುದು ನನ್ನ ಪಾಲಿನಲ್ಲಿ. ತಂಗಿಯ ಜಾಗ ಅದರ ಕೆಳಗೆ. ನಮ್ಮ ಪಾಲುಪಟ್ಟಿಯಲ್ಲಿ ಅವಳ ನೀರಿನ ಬಗ್ಗೆ ಒಂದಕ್ಷರ ಇಲ್ಲ. ಭಟ್ರ ಮಕ್ಕಳು ಮಾಡಿದ್ದನ್ನೇ ನಾವು ಮನೆಯೊಳಗೆ ಮಾಡಿದ್ದೆವು. ಅವಳು ಕೇಳಿಯೂ ಇರಲಿಲ್ಲ. "ನೀವಿದ್ದೀರಲ್ಲ" ಎಂದಳು. ಅದಕ್ಕೂ ಬೇರೆ ಕರಾರು ಮಾಡಿಸಿದೆವು. ಸ್ಟಾಂಪಿನ ಖರ್ಚು ನನ್ನದು.

ಈಗ ಶುಕ್ರವಾರ ರಾತ್ರಿ ಅವಳ ಸರದಿ. ಆ ವಾಲ್ವಿನ ಕೀಲಿ ಅವಳ ಮನೆಯಲ್ಲಿದೆ.