ಎರಡು ರೂಪಾಯಿಗೆ ಒಂದೇ ಆಟ

ದುಡ್ಡು ನುಂಗಿ ಸುಮ್ಮನೆ ನಿಂತ ಯಂತ್ರದ ಮುಂದೆ ಮನುಷ್ಯನ ಸ್ವಭಾವ ಚೆನ್ನಾಗಿ ಹೊರಬೀಳುತ್ತದೆ. ರೈಲು ನಿಲ್ದಾಣದ ತೂಕದ ಯಂತ್ರ ಚೀಟಿ ಕೊಡದಿದ್ದರೆ ಸಭ್ಯ ಗೃಹಸ್ಥರು ಮೊದಲು ಅದನ್ನು ಮೆಲ್ಲಗೆ ತಟ್ಟುವರು, ಆಮೇಲೆ ತುಸು ಗುದ್ದುವರು, ಕೊನೆಗೆ ಯಾರಾದರೂ ನೋಡಿದರೇನೋ ಎಂದು ಅತ್ತಿತ್ತ ಕಣ್ಣಾಡಿಸಿ ನಡೆದುಬಿಡುವರು. ಹೋದದ್ದು ಒಂದು ನಾಣ್ಯ, ಉಳಿದದ್ದು ಮಾನ. ಹುಡುಗರಿಗೆ ಈ ಸಂಕೋಚವಿಲ್ಲ. ಅವರಿಗೆ ಆ ಒಂದು ನಾಣ್ಯವೇ ಆ ದಿನದ ಸರ್ವಸ್ವ. ಅವರು ಅಂಗಡಿಯವನ ಅಂಗಿಯ ತುದಿ ಹಿಡಿದು ನ್ಯಾಯ ಕೇಳುತ್ತಾರೆ.

ಸಿಂದಗಿಯ ರಿಪೇರಿ ಮಾಸ್ತರರು ಇಂಥ ಅನೇಕ ನ್ಯಾಯಗಳನ್ನು ಕಂಡವರು. ಅವರು ಯಾವ ಸಾಲೆಯಲ್ಲೂ ಕಲಿಸಿದವರಲ್ಲ. ರೇಡಿಯೋ, ಟೇಪ್‌ರೆಕಾರ್ಡರು, ಟಿವಿಗಳನ್ನು ಬಿಚ್ಚಿ ಜೋಡಿಸುತ್ತ ಬಂದುದರಿಂದ ಜನ ಪ್ರೀತಿಯಿಂದ ಕೊಟ್ಟ ಪದವಿ ಅದು. ಕಳೆದ ಶತಮಾನದ ಕೊನೆಯ ವರ್ಷಗಳಲ್ಲಿ ವಿಡಿಯೋ ಗೇಮ್ ಅಂಗಡಿಗಳು ಸಣ್ಣ ಊರುಗಳಿಗೂ ಬಂದುವಷ್ಟೆ. ಆಗ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಆಟದ ಪೆಟ್ಟಿಗೆಗಳಿಗೆ ಮಾಸ್ತರರೇ ವೈದ್ಯರಾದರು. ಹೆಗಲಿಗೊಂದು ಚೀಲ, ಅದರಲ್ಲಿ ಸೋಲ್ಡರಿಂಗ್ ಐರನ್, ಮೀಟರು, ಮತ್ತು ಮಧ್ಯಾಹ್ನಕ್ಕೆ ಎರಡು ರೊಟ್ಟಿ.

ಆಟದ ಪೆಟ್ಟಿಗೆಯೆಂದರೆ ಆಳೆತ್ತರದ ಒಂದು ಪ್ಲೈವುಡ್ ಕಪಾಟು. ಒಳಗೆ ಟಿವಿಯ ಗಾಜಿನ ಕೊಳವೆ, ಎದುರಿಗೆ ಹಿಡಿಕೆ ಮತ್ತು ಗುಂಡಿಗಳು, ಕೆಳಗೆ ದುಡ್ಡಿನ ಬಾಯಿ. ಆಟವೆಲ್ಲ ಇರುವುದು ಒಳಗಿನ ಒಂದು ಹಲಗೆಯಲ್ಲಿ. 1985ರ ಸುಮಾರಿಗೆ ಜಪಾನಿನ ತಯಾರಕರು ಒಮ್ಮತಕ್ಕೆ ಬಂದು ಐವತ್ತಾರು ತುದಿಗಳ ಒಂದೇ ಬಗೆಯ ಜೋಡಣೆಯನ್ನು ಗೊತ್ತುಮಾಡಿದ್ದರಿಂದ, ಹಳೆಯ ಹಲಗೆ ಕಿತ್ತು ಹೊಸದನ್ನು ಸಿಕ್ಕಿಸಿದರೆ ಹೊಸ ಆಟ ಸಿದ್ಧ. ಮನೆ ಅದೇ, ಬಾಡಿಗೆಯವರು ಬೇರೆ. 1993ರಲ್ಲಿ ಕ್ಯಾಪ್‌ಕಾಮ್ ಕಂಪನಿ ಹೊರಡಿಸಿದ 'ಕ್ಯಾಡಿಲಾಕ್ಸ್ ಅಂಡ್ ಡೈನೋಸಾರ್ಸ್' ಎಂಬ ಆಟ ನಮ್ಮ ದೇಶದ ಹುಡುಗರ ಬಾಯಲ್ಲಿ ಅದರ ಒಬ್ಬ ವೀರನ ಹೆಸರಿನಿಂದ 'ಮುಸ್ತಫಾ' ಆಗಿಹೋಯಿತು. ಪೂರ್ತಿ ಹೆಸರು ಹೇಳುವಷ್ಟರಲ್ಲಿ ಸರದಿ ತಪ್ಪಿಹೋಗುತ್ತಿತ್ತಲ್ಲ!

ಈ ಪೆಟ್ಟಿಗೆಗಳ ಕಾಯಿಲೆಗಳೂ ಊರಿನ ಹವೆಯಂತೆಯೇ. ವೈಶಾಖದ ಬಿಸಿಲಿಗೆ ಕೆಪಾಸಿಟರುಗಳು ಉಬ್ಬಿ ಚಿತ್ರ ಡೊಂಕಾಗುವುದು. ಎರೆಮಣ್ಣಿನ ಧೂಳು ಹಿಡಿಕೆಯ ಸ್ವಿಚ್ಚಿನಲ್ಲಿ ಕುಳಿತು ವೀರನು ಎಡಕ್ಕೆ ಹೋಗಲೊಲ್ಲೆನೆನ್ನುವುದು. ಇಂಡಿಯ ನಿಂಬೆಯ ತೋಟಗಳಲ್ಲಿ ಪಂಪುಗಳು ಒಮ್ಮೆಲೇ ಶುರುವಾದರೆ ಕರೆಂಟು ಕುಗ್ಗಿ ಪರದೆಯ ಚಿತ್ರವೂ ಸಂಕೋಚದಿಂದ ಚಿಕ್ಕದಾಗುವುದು. ಕೊಳವೆಯನ್ನು ಮುಟ್ಟುವ ಮೊದಲು ಮಾಸ್ತರರು ಅದರಲ್ಲಿ ಉಳಿದ ವಿದ್ಯುತ್ತನ್ನು ತಂತಿಯಿಂದ ಇಳಿಸಿಬಿಡುವರು. ಸ್ವಿಚ್ಚು ಆರಿಸಿದ ಮೇಲೂ ಅಲ್ಲಿ ಸಾವಿರಾರು ವೋಲ್ಟು ಅಡಗಿರಬಲ್ಲುದು. ಆರಿದ ಒಲೆಯ ಬೂದಿಯಲ್ಲಿ ಕೆಂಡವಿರುವಂತೆ.

ಆದರೆ ಮಾಸ್ತರರಿಗೆ ಹೆಚ್ಚು ಆಸಕ್ತಿಯಿದ್ದುದು ದುಡ್ಡಿನ ಬಾಯಿಯಲ್ಲಿ. ನಾಣ್ಯದಿಂದ ನಡೆಯುವ ಯಂತ್ರ ನಿನ್ನೆಯದಲ್ಲ. ಸುಮಾರು ಎರಡು ಸಾವಿರ ವರ್ಷಗಳ ಹಿಂದೆ ಅಲೆಕ್ಸಾಂಡ್ರಿಯಾದ ಹೀರೋ ಎಂಬ ಪಂಡಿತನು ದೇವಾಲಯದ ತೀರ್ಥ ಕೊಡುವ ಯಂತ್ರವೊಂದನ್ನು ವರ್ಣಿಸಿದ್ದಾನೆ. ಬಿದ್ದ ನಾಣ್ಯದ ಭಾರಕ್ಕೆ ತಟ್ಟೆ ಬಾಗಿ, ಸನ್ನೆಗೋಲು ಎದ್ದು, ಅದು ಜಾರಿಬೀಳುವ ತನಕ ನೀರು ಸುರಿಯುತ್ತಿತ್ತು. 1972ರಲ್ಲಿ ಅಮೆರಿಕದ ಅಟಾರಿ ಕಂಪನಿಯ 'ಪಾಂಗ್' ಆಟದ ಮೊದಲ ಯಂತ್ರವನ್ನು ಕ್ಯಾಲಿಫೋರ್ನಿಯಾದ ಒಂದು ಬಾರಿನಲ್ಲಿಟ್ಟಾಗ, ಅದು ಕೆಟ್ಟಿತೆಂದು ಕರೆ ಬಂತಂತೆ. ಎಂಜಿನಿಯರು ಹೋಗಿ ತೆರೆದರೆ ಯಂತ್ರಕ್ಕೆ ರೋಗವಿರಲಿಲ್ಲ. ಹೊಟ್ಟೆ ತುಂಬಿತ್ತು, ಅಷ್ಟೆ.

ದುಡ್ಡಿನ ಬಾಯಿಯ ಒಳಗೊಂದು ಪುಟ್ಟ ಸುಂಕದ ಕಟ್ಟೆಯಿದೆ. ಚಿಕ್ಕ ನಾಣ್ಯ ನಡುವೆಯೇ ಜಾರಿಬೀಳುತ್ತದೆ. ದೊಡ್ಡದು ಒಳಗೇ ಹೋಗದು. ಹಗುರಾದದ್ದು ತೊಟ್ಟಿಲನ್ನು ಬಾಗಿಸಲಾರದು. ಕಬ್ಬಿಣದ ವಾಶರು ಹಾಕುವ ಚತುರರನ್ನು ಹಿಡಿಯಲು ಒಂದು ಅಯಸ್ಕಾಂತ. ಪರದೇಶದಲ್ಲಿ ಇದು ಸರಿಯೆ. ಆದರೆ 1992ರಿಂದ ನಮ್ಮ ರೂಪಾಯಿ ಅಯಸ್ಕಾಂತಕ್ಕೆ ಅಂಟುವ ಉಕ್ಕಿನದಾಯಿತು. ಪರದೇಶದ ಬಾಯಿಗೆ ನಮ್ಮ ಪ್ರಾಮಾಣಿಕ ರೂಪಾಯಿಯೇ ಕಳ್ಳನಾಗಿ ಕಂಡಿತು! ಮಾಸ್ತರರು ಅಯಸ್ಕಾಂತವನ್ನು ಕಿತ್ತು ಚೀಲಕ್ಕೆ ಹಾಕಿಕೊಂಡರು. ವಿಜಾಪುರದ ಆದಿಲಶಾಹಿಯಲ್ಲಿ ಕೂದಲಪಿನ್ನಿನಂತೆ ಮಡಿಸಿದ ಬೆಳ್ಳಿಯ ತಂತಿಯೇ ನಾಣ್ಯವಾಗಿ ನಡೆದಿತ್ತು. ಲಾರಿ ಎಂದು ಅದರ ಹೆಸರು. ಆ ಕಾಲದಲ್ಲಿ ತಾವು ಹುಟ್ಟಲಿಲ್ಲವಲ್ಲ ಎಂದು ಮಾಸ್ತರರಿಗೆ ಸಮಾಧಾನ.

ನಿಜವಾದ ತೊಡಕು ಬಂದದ್ದು 2011ರಲ್ಲಿ. ಆ ವರ್ಷ ಹೊಸ ನಾಣ್ಯಗಳು ಹೊರಬಂದುವು. ಮುದ್ದೇಬಿಹಾಳದ ಒಂದು ಅಂಗಡಿಯಲ್ಲಿ ಮಾಸ್ತರರು ಹಿಡಿಕೆ ಸರಿಮಾಡುತ್ತಿದ್ದಾಗ ಹತ್ತು ವರ್ಷದ ಹುಡುಗನೊಬ್ಬ ಬಂದು ನಿಂತನು.

"ಕಾಕಾ, ನಾ ಎರಡ ರೂಪಾಯಿ ಹಾಕೀನಿ. ಒಂದಽ ಆಟ ಬಂತು."

"ನೋಡಿ ಹಾಕಬೇಕಪಾ," ಎಂದನು ಅಂಗಡಿಯವನು. "ಮಷೀನಿಗೇನ ಗೊತ್ತಾಗ್ತದ?"

ಮಾಸ್ತರರು ಹುಡುಗನ ಮುಖ ನೋಡಿದರು. ಪೆಟ್ಟಿಗೆಯಿಂದ ಹೊಸ ಎರಡು ರೂಪಾಯಿಯನ್ನೂ ಹಳೆಯ ಒಂದು ರೂಪಾಯಿಯನ್ನೂ ಆರಿಸಿ, ಪಕ್ಕದ ಪತ್ತಾರರ ಅಂಗಡಿಗೆ ಹೋಗಿ ಚಿನ್ನ ತೂಗುವ ತಕ್ಕಡಿಯಲ್ಲಿಟ್ಟರು. ಎರಡೂ ಒಂದೇ ತೂಕ: ಐದು ಗ್ರಾಮಿಗೆ ತುಸು ಕಡಿಮೆ. ಅಗಲವೂ ಒಂದೇ, ಇಪ್ಪತ್ತೈದು ಮಿಲಿಮೀಟರು. ಲೋಹವೂ ಒಂದೇ. ಕಣ್ಣಿದ್ದವರಿಗೆ ಮಾತ್ರ ವ್ಯತ್ಯಾಸ. ಯಾವ ಯಂತ್ರವೂ ಹಿಡಿಯಲಾರದು.

ಸಂಜೆ ಅಂಗಡಿಯವನು ಮಾಸ್ತರರ ಕೂಲಿಗೆಂದು ಪೆಟ್ಟಿಗೆಯನ್ನು ಮೇಜಿನ ಮೇಲೆ ಸುರಿದನು. ವ್ಯಾಪಾರ ಮೊದಲಿನಂತಿರಲಿಲ್ಲ. ಬಾಡಿಗೆ, ಕರೆಂಟಿನ ಬಿಲ್ಲು, ಕೈಕೈಗೂ ಬರತೊಡಗಿದ್ದ ಮೊಬೈಲು, ಎಲ್ಲವೂ ಅವನ ಎದೆಯ ಮೇಲೆ ಕುಳಿತಿದ್ದುವು. ಹುಡುಗರ ಮರೆವಿನಿಂದ ಬಂದ ಆ ಹೆಚ್ಚಿನ ರೂಪಾಯಿಗಳು ಅವನಿಗೆ ಬೇಕಾಗಿದ್ದುವು. ಮಾಸ್ತರರಿಗೂ ಬೇಕಾಗಿದ್ದುವು, ಹಿಂದಿನ ತಿಂಗಳ ಕೂಲಿಯೂ ಬಾಕಿಯಿತ್ತು. ಅವರು ತುಸು ಹೊತ್ತು ಸುಮ್ಮನೆ ಕುಳಿತು, ಆಮೇಲೆ ಎರಡು ರೂಪಾಯಿಯ ನಾಣ್ಯಗಳನ್ನು ಒಂದು ಕಡೆ ಸರಿಸಿ, ಒಂದು ರೂಪಾಯಿಯವುಗಳನ್ನಷ್ಟೇ ಎಣಿಸಿಕೊಂಡರು. ಕೂಲಿಗೆ ಸಾಲಲಿಲ್ಲ.

"ಇವನ್ನೂ ತಗೋರಿ ಮಾಸ್ತರ."

"ಇದರಾಗ ಅರ್ಧ ಹುಡುಗರ ರೊಕ್ಕ ಅದ. ಯಾರದು ಎಷ್ಟು ಅಂತ ನನಗ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ. ಬಾಕಿ ಇರಲಿ."

ಮರುವಾರ ಮಾಸ್ತರರು ಹಿತ್ತಾಳೆಯ ಬಿಲ್ಲೆಗಳನ್ನು ಲೇಥಿನಲ್ಲಿ ಮಾಡಿಸಿ ತಂದರು. ರೂಪಾಯಿಗಿಂತ ಚಿಕ್ಕವು, ದಪ್ಪನಾದುವು, ನಡುವೆ ಒಂದು ತೂತು. ಯಂತ್ರದ ಬಾಯಿಯನ್ನು ಅವಕ್ಕೇ ಹೊಂದಿಸಿದರು. ಇನ್ನು ದುಡ್ಡನ್ನು ಮನುಷ್ಯರೇ ನೋಡಿ ಬಿಲ್ಲೆ ಕೊಡಬೇಕು. ಹಾಗೆ ಕೊಡಲು ಅಂಗಡಿಯವನ ತಾಯಿ ಬಂದು ಕುಳಿತರು.

ಅಂಗಡಿಯವನು ಎಣಿಸದೆ ಇದ್ದ ಸಂಗತಿಯೊಂದು ಇಲ್ಲಿ ನಡೆಯಿತು. ಯಂತ್ರದ ಬಾಯಿ ಯಾರನ್ನೂ ಏನೂ ಕೇಳುತ್ತಿರಲಿಲ್ಲ. ಆ ತಾಯಿ ಎಲ್ಲರನ್ನೂ ಎಲ್ಲವನ್ನೂ ಕೇಳತೊಡಗಿದರು. "ಸಾಲಿ ಬಿಟ್ಟದೇನು? ಈ ಹೊತ್ತಿನ್ಯಾಗ ಹೆಂಗ ಬಂದಿ? ರೊಕ್ಕ ನಿಮ್ಮವ್ವ ಕೊಟ್ಟಾಳೋ, ಗೂಟದ ಅಂಗಿಯಿಂದ ತಂದೀಯೋ?" ಬೆಳಗಿನ ವ್ಯಾಪಾರ ಪೂರ್ತಿ ನಿಂತುಹೋಯಿತು. "ನ್ಯಾಯ ಬಾಳ ತುಟ್ಟಿ ಆತ್ರಿ ಮಾಸ್ತರ," ಎಂದು ಅಂಗಡಿಯವನು ಗೋಳಾಡಿದನು. ಆದರೆ ಸಂಜೆಯ ವೇಳೆ, ಅಲ್ಲಿಗೆ ಹೋಗಬೇಡವೆನ್ನುತ್ತಿದ್ದ ಮನೆಗಳ ಹುಡುಗರೂ ಬರತೊಡಗಿದರು. ಅವ್ವಂದಿರಿಗೆ ಆ ಅಜ್ಜಿಯ ಕಣ್ಣಿನ ಮೇಲೆ ಭರವಸೆ. ಮಾಸ್ತರರ ಬಾಕಿ ಮೂರು ಕಂತುಗಳಲ್ಲಿ ತೀರಿತು.

ಕೊನೆಗೆ ಮೊಬೈಲು ಎಲ್ಲವನ್ನೂ ನುಂಗಿತು. ನಾಲ್ಕೂ ಊರುಗಳ ಪೆಟ್ಟಿಗೆಗಳು ಕೆಲವು ಗುಜರಿಗೆ ಹೋದುವು, ಒಂದು ಬಾಗೇವಾಡಿಯಲ್ಲಿ ಕಾಳಿನ ಕಪಾಟಾಯಿತು. ಇತ್ತೀಚೆಗೆ ವಿಜಯಪುರದ ಗೃಹಸ್ಥರೊಬ್ಬರು, ಚಿಕ್ಕಂದಿನಲ್ಲಿ ಮುಸ್ತಫಾ ಆಡಿದವರು, ತಮ್ಮ ಮಕ್ಕಳಿಗಾಗಿ ಅಂಥದೊಂದು ಪೆಟ್ಟಿಗೆ ಬೇಕೆಂದು ಹುಡುಕಿಕೊಂಡು ಬಂದರು. ಮಾಸ್ತರರು ಹೊಸ ಪ್ಲೈವುಡ್ ಕೊಯ್ಯಿಸಿ, ಗುಂಡಿಗಳ ಹಲಗೆಯನ್ನು ಮಕ್ಕಳ ಎತ್ತರಕ್ಕೆ ತಗ್ಗಿಸಿ, ಗಾಜಿನ ಕೊಳವೆಯ ಬದಲು ಚಪ್ಪಟೆ ಪರದೆಯನ್ನೂ ಅಂಗೈಯಗಲದ ಕಂಪ್ಯೂಟರನ್ನೂ ಕೂರಿಸಿದರು.

"ಮನೀಗೇ ಅಲ್ರೀ, ರೊಕ್ಕದ ಬಾಯಿ ಯಾಕ? ಪುಕ್ಕಟ ಆಡ್ಲಿ ಬಿಡ್ರಿ," ಎಂದರು ಗೃಹಸ್ಥರು.

ಮಾಸ್ತರರು ಒಪ್ಪಲಿಲ್ಲ. ಬಾಯನ್ನೂ ಕೂರಿಸಿದರು, ಹಳೆಯ ತೂತಿನ ಬಿಲ್ಲೆಗಳಲ್ಲಿ ಹತ್ತನ್ನು ಆರಿಸಿ ತಿಕ್ಕಿ ಬೆಳಗಿದರು. ಬಿಲ್ಲೆಯ ಡಬ್ಬಿಯನ್ನು ಮಾತ್ರ ಮಕ್ಕಳ ಕೈಗೆ ಕೊಡದೆ ಅವರ ಅಜ್ಜಿಯ ಕೈಗೆ ಕೊಟ್ಟು, ಸಿಂದಗಿಯ ಬಸ್ಸು ಹತ್ತಿದರು.