ಬೆನ್ನುನೀರಿನ ಸೂಜಿ

ವೈದ್ಯರಿಗೆ ಅದು ಲಂಬಾರ್ ಪಂಕ್ಚರ್, ವಾರ್ಡಿನಲ್ಲಿ ಎಲ್.ಪಿ., ರೋಗಿಯ ಮನೆಯವರಿಗೆ ಬೆನ್ನುನೀರು ತೆಗೆಯುವುದು. ಮಿದುಳುಜ್ವರದ ಅನುಮಾನ ಬಂದಾಗ ಇದಕ್ಕಿಂತ ನೇರವಾದ ಪರೀಕ್ಷೆ ಇಲ್ಲ. ಆದರೂ ಒಪ್ಪಿಗೆ ಪತ್ರ ಮುಂದಿಟ್ಟೊಡನೆ ಬರುವ ಮೊದಲ ಮಾತು, ‘ಕಾಲು ಬಿದ್ದುಹೋದ್ರೆ ಏನ್ ಗತಿ?’ ವಯಸ್ಕರಲ್ಲಿ ಬೆನ್ನುಹುರಿ ಸೊಂಟದ ಮೊದಲೆರಡು ಮೂಳೆಗಳ ಬಳಿಯೇ ಮುಗಿದಿರುತ್ತದೆ. ಸೂಜಿ ಹೋಗುವುದು ಅದಕ್ಕೂ ಕೆಳಗೆ, ಮೂರು-ನಾಲ್ಕರ ಅಥವಾ ನಾಲ್ಕು-ಐದರ ನಡುವೆ. ಆ ಜಾಗವನ್ನು ಬೆರಳಿಟ್ಟು ತೋರಿಸಿ ಹೇಳುವುದು ನರ್ಸಿನ ಮೊದಲ ಕೆಲಸ, ಸಹಿ ಆಮೇಲೆ.

1891ರಲ್ಲಿ ಜರ್ಮನಿಯ ಕೀಲ್ ನಗರದ ವೈದ್ಯ ಹೈನ್ರಿಕ್ ಕ್ವಿಂಕೆ ಈ ವಿಧಾನವನ್ನು ಪ್ರಕಟಿಸಿದ. ಅದೇ ಕಾಲಕ್ಕೆ ಲಂಡನ್ನಿನ ವಿಂಟರ್ ಎಂಬ ವೈದ್ಯ ಚರ್ಮ ಕೊಯ್ದು ಕೊಳವೆ ಇಳಿಸಿ ಬೆನ್ನುನೀರು ಬಸಿದಿದ್ದ. ಕ್ವಿಂಕೆಯದು ಬರೀ ಸೂಜಿ; ಉಳಿದದ್ದೂ ಅದೇ. 1898ರಲ್ಲಿ ಅದೇ ಕೀಲ್‌ನ ಶಸ್ತ್ರವೈದ್ಯ ಆಗಸ್ಟ್ ಬಿಯರ್ ಬೆನ್ನಿಗೆ ಕೊಕೇನ್ ಕೊಟ್ಟು ಅರಿವಳಿಕೆ ತರಿಸಲು ಹೊರಟು, ತನ್ನ ಬೆನ್ನನ್ನೇ ಒಡ್ಡಿದ. ಸಿರಿಂಜು ಸೂಜಿಗೆ ಕೂಡಲಿಲ್ಲ, ಬೆನ್ನುನೀರು ಸೋರಿಹೋಯಿತು. ಆಮೇಲೆ ಸಹಾಯಕನಿಗೆ ಮದ್ದು ಕೊಟ್ಟು, ಮೊಣಕಾಲ ಕೆಳಗೆ ಸುತ್ತಿಗೆಯಿಂದ ಬಡಿದು ನೋವಿಲ್ಲವೆಂದು ಖಾತ್ರಿ ಮಾಡಿಕೊಂಡದ್ದೂ ಆಯಿತು. ಬಿಯರ್ ಒಂಬತ್ತು ದಿನ ತಲೆನೋವಿನಿಂದ ಹಾಸಿಗೆ ಹಿಡಿದ. ಮಲಗಿದರೆ ಇಲ್ಲ, ಎದ್ದರೆ ಸಿಡಿತ: ಇಂದಿಗೂ ಈ ತಲೆನೋವಿನ ಗುರುತು ಅದೇ.

ಸೂಜಿ ಹಾಕುವವರು ವೈದ್ಯರಾದರೂ ಅದು ಸಲೀಸಾಗಿ ಹೋಗುವುದು ನರ್ಸಿನ ಕೈಯಲ್ಲಿದೆ. ರೋಗಿ ಮೊದಲು ಮೂತ್ರ ಮಾಡಿ ಬರಬೇಕು. ಮಂಚದ ಅಂಚಿನಲ್ಲಿ ಮಗ್ಗುಲಾಗಿ ಮಲಗಿಸಿ, ಮೊಣಕಾಲನ್ನು ಹೊಟ್ಟೆಗೂ ಗದ್ದವನ್ನು ಎದೆಗೂ ತರಿಸಿದರೆ ಬೆನ್ನುಮೂಳೆಗಳ ಸಂದು ತೆರೆದುಕೊಳ್ಳುತ್ತದೆ. ಮಗುವಾದರೆ ಒಂದು ತೋಳು ಭುಜದ ಹಿಂದೆ, ಇನ್ನೊಂದು ಮೊಣಕಾಲ ಹಿಂದೆ. ಕತ್ತು ಅಮುಕಬಾರದು, ಕೂಸಿನ ಉಸಿರು ಕಟ್ಟಬಹುದು, ಕಣ್ಣು ಅದರ ತುಟಿಯ ಬಣ್ಣದ ಮೇಲಿರಬೇಕು. ಒತ್ತಡ ಅಳೆಯುವ ಮೊದಲು ಕಾಲು ಸ್ವಲ್ಪ ಸಡಿಲಿಸಬೇಕು, ಇಲ್ಲವಾದರೆ ಅಳತೆ ಸುಳ್ಳಾಗುತ್ತದೆ.

ಹನಿ ಬೀಳತೊಡಗಿದಾಗ ನರ್ಸು ಟ್ಯೂಬನ್ನು ಬೆಳಕಿಗೆ ಹಿಡಿದು ನೋಡದೆ ಇರಲಾರಳು. ಆರೋಗ್ಯವಂತರದು ಸ್ವಚ್ಛ, ನಿರ್ಮಲ. ಕೀವಿನ ಸೋಂಕಿದ್ದರೆ ಅಕ್ಕಿ ತೊಳೆದ ನೀರು. ಟ್ಯೂಬಿಗೆ ಒಂದು, ಎರಡು, ಮೂರು ಎಂದು ನಂಬರು ತಪ್ಪದೆ ಬರೆಯಬೇಕು: ಮೊದಲನೆಯದು ಕೆಂಪಾಗಿ ಮೂರನೆಯದು ತಿಳಿಯಾದರೆ ಸೂಜಿ ತಾಗಿ ಬಂದ ರಕ್ತವಿರಬಹುದು, ಮೂರೂ ಒಂದೇ ಕೆಂಪಾದರೆ ಮಿದುಳಿನ ಸುತ್ತ ರಕ್ತಸ್ರಾವದ ಶಂಕೆ. ಕಲ್ಚರಿಗೆ ಹೋಗುವ ಟ್ಯೂಬು ಫ್ರಿಜ್ಜಿಗಲ್ಲ, ನೇರ ಲ್ಯಾಬಿಗೆ. ಕೆಲವು ಬ್ಯಾಕ್ಟೀರಿಯಾಗಳಿಗೆ ಥಂಡಿ ಆಗದು.

ಇನ್ನು ಸೂಜಿ ತೆಗೆದ ಮೇಲೆ ಮಲಗಿಸುವ ವಿಚಾರ. ಈ ಸಾಲುಗಳ ಲೇಖಕಿ ನರ್ಸಿಂಗ್ ಕಲಿತ ಕಾಲದಲ್ಲಿ ದಿಂಬು ತೆಗೆದು ದಿನವಿಡೀ ಅಂಗಾತ ಮಲಗಿಸುವುದೇ ಕಟ್ಟಳೆ. ಎಷ್ಟೋ ರೋಗಿಗಳಿಗೆ ಗಂಜಿಯನ್ನೂ ಮಲಗಿದಲ್ಲೇ ಕುಡಿಸಿದ್ದುಂಟು. ಹಾಗೆ ಮಲಗಿಸುವುದರಿಂದ ತಲೆನೋವು ತಪ್ಪುವುದಿಲ್ಲವೆಂದು ನಂತರದ ಅಧ್ಯಯನಗಳು ತೋರಿಸಿದವು. ವ್ಯತ್ಯಾಸ ಮಾಡುವುದು ಸೂಜಿಯ ತುದಿ: ಕ್ವಿಂಕೆಯ ಹೆಸರಿನ ಕೊಯ್ಯುವ ತುದಿಗಿಂತ ಪೆನ್ಸಿಲ್ ಮೊನೆಯ ಸಣ್ಣ ಸೂಜಿಯಿಂದ ಸೋರಿಕೆ ಕಡಿಮೆ. ತಲೆನೋವು ಬಂದವರಿಗೆ ಮಲಗಿದರೆ ಹಿತ, ಸರಿ. ಬರದವರ ದಿಂಬು ಕಿತ್ತುಕೊಳ್ಳುವುದು ಶುಶ್ರೂಷೆಯಲ್ಲ, ಶಿಕ್ಷೆ. ನರ್ಸು ನೋಡಬೇಕಾದದ್ದು ಸೂಜಿ ಹಾಕಿದ ಜಾಗ ಒದ್ದೆಯಾಗಿದೆಯೇ, ಕಾಲು ಆಡುತ್ತಿದೆಯೇ, ಮೂತ್ರ ಹೋಯಿತೇ, ಪ್ರಜ್ಞೆ ಮಂಕಾಗುತ್ತಿದೆಯೇ ಎಂಬುದನ್ನು.

ಮನೆಗೆ ಹೋದ ಮೇಲೆ ಎದ್ದು ಕೂತರೆ ಹೆಚ್ಚುವ ತಲೆನೋವು ಬಂದರೆ ಆಸ್ಪತ್ರೆಗೆ ತಿಳಿಸಿ. ಕಾಲಿನ ಶಕ್ತಿ ಕುಂದಿದರೆ, ಮೂತ್ರ ಕಟ್ಟಿದರೆ, ಜ್ವರ ಏರಿದರೆ ಬೆಳಗಾಗಲೆಂದು ಕಾಯದೆ ಹೊರಡಿ.